ಹನ್ನೊಂದೂವರೆ ಮಾತ್ರೆ

ಕಳೆದ ತಿಂಗಳು ಸಾಗರದಲ್ಲಿ ನನಗೊಂದು ಸನ್ಮಾನವಾಯಿತು. ಪ್ರಾಸ್ಟೇಟ್ ಮತ್ತು ಕಿಡ್ನಿ ಕ್ಯಾನ್ಸರಿನ ಚಿಕಿತ್ಸೆಯ ಮೇಲೆ ಇಷ್ಟು ವರ್ಷ ಸಂಶೋಧನೆ ಮಾಡಿದ ಮಲೆನಾಡಿನ ಮಗಳು ಅಂತ ಹೊಗಳಿದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಿವಿಯವರೆಗೆ ಜಾರುವ ಪೇಟವೊಂದನ್ನು ತೊಡಿಸಿ, ಕೊನೆಗೆ ಕೊರಳಿಗೆ ಗಂಧದ ಹಾರ ಹಾಕಿದರು. ಶ್ರೀಗಂಧವನ್ನು ಎಸಳಿನಷ್ಟು ತೆಳ್ಳಗೆ ಹೆರೆದು ಪೋಣಿಸಿದ ಹಾರ. ನಮ್ಮಲ್ಲಿ ಅದು ಎರಡೇ ಕಡೆ ಬೀಳುತ್ತದೆ, ವೇದಿಕೆ ಮೇಲೆ ಕೂತವರ ಕೊರಳಿಗೆ ಮತ್ತು ಗೋಡೆ ಮೇಲಿನ ಫೋಟೋಗೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಧ್ಯಕ್ಷರ ಭಾಷಣ ನನ್ನ ಕಿವಿಗೆ ಬೀಳುವುದು ನಿಂತಿತು. ಒಂದು ಕೆಲಸದ ಮನೆ ಕಣ್ಣೆದುರು ಬಂತು. ಅಲ್ಲಿ ಒಬ್ಬ ಮುದುಕ ಅಂಗೈ ಚಾಚಿ ನಿಂತಿದ್ದ.

ಹನ್ನೆರಡು ವರ್ಷದ ಹಿಂದಿನ ಮಾತು. ನಾನು ತೀರ್ಥಹಳ್ಳಿಯವಳು. ಓದು ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸಂಶೋಧನೆಗೆ ಸೇರಿದ್ದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಒಂದು ಹೊಸ ಮಾತ್ರೆ ಬಂದಿತ್ತು. ರೋಗ ಅದರಿಂದ ಗುಣವಾಗುವುದಿಲ್ಲ. ಒಂದೆರಡು ವರ್ಷ ಅದನ್ನು ತಡೆದು ನಿಲ್ಲಿಸುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಮಾತ್ರೆ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಪ್ರಯೋಗಕ್ಕೆ ಸೇರಿದವರಿಗೆ ಉಂಟು, ಸೇರದವರಿಗೆ ಇಲ್ಲ. ಊರು ಗೊತ್ತು, ಭಾಷೆ ಗೊತ್ತು ಅಂತ ನನ್ನನ್ನು ಒಂದು ವರ್ಷಕ್ಕೆ ಸಾಗರಕ್ಕೆ ಅಟ್ಟಿದರು. ಪೇಟೆಯಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆ, ಒಂದು ಹಳೇ ಜೀಪು, ಜೊತೆಗೆ ಹೊಸನಗರದ ಕಡೆಯ ನರ್ಸ್ ಸರಸಕ್ಕ. ಸೋಮವಾರ ಸಾಗರ, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ಹೋದಲ್ಲಿ ರಕ್ತ ತೆಗೆಯುವುದು, ಮಾತ್ರೆ ಕೊಡುವುದು, ಬರೆದುಕೊಳ್ಳುವುದು.

ಪ್ರಾಸ್ಟೇಟ್ ಕಾಯಿಲೆಗೆ ಹೆಣ್ಣು ಡಾಕ್ಟರು ಅಂದರೆ ನಮ್ಮ ಕಡೆ ಮುದುಕರಿಗೆ ಜೀವ ಹೋದಷ್ಟು ನಾಚಿಕೆ. ಪಂಚೆ ಸಡಿಲಿಸಿ ಅಂದರೆ ಮಗನ ಮುಖ ನೋಡುವರು, ಮಗ ಸೂರು ನೋಡುವನು. "ಬೇರೆ ಡಾಕ್ಟ್ರು ಇಲ್ವಾ?" ಅಂತ ಕೇಳಿದವರಿಗೆಲ್ಲ ಸರಸಕ್ಕ, "ಇದಾರೆ, ಬೆಂಗಳೂರಲ್ಲಿ. ನಡ್ಕೊಂಡು ಹೋಗ್ತೀರಾ?" ಅನ್ನುವಳು. ಹಾಗೆ ನಗಿಸಿ ಗದರಿಸಿ ಮೂವತ್ತು ಚಿಲ್ಲರೆ ಜನರನ್ನು ಸೇರಿಸಿದೆವು. ಅವರಿಗೆ ನಾನು ಹೇಳುತ್ತಿದ್ದದ್ದು ಮೂರೇ ಮಾತು. ದಿನಕ್ಕೆ ಒಂದೇ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಆಮೇಲೆ ಎರಡು ಗಂಟೆ ಏನೂ ತಿನ್ನಬಾರದು. ತಿಂಗಳಿಗೊಮ್ಮೆ ಡಬ್ಬಿ ತರಬೇಕು, ಉಳಿದದ್ದನ್ನು ನಾನೇ ಎಣಿಸುತ್ತೇನೆ. ಎಣಿಕೆಯಲ್ಲಿ ಒಂದು ತಪ್ಪಿದರೂ ನಾನು ಬಿಡುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ನನ್ನದು. ಮೂರೂ ತಾಲೂಕಿನಲ್ಲಿ ನನಗೆ 'ಎಣಿಸೋ ಡಾಕ್ಟ್ರಮ್ಮ' ಅಂತ ಹೆಸರು ಬಿತ್ತು. ನನಗೆ ಅದರಿಂದ ಖುಷಿಯೇ ಆಗಿತ್ತು ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಮಂಜಪ್ಪ, ಗಣಪಣ್ಣ ಬಂದದ್ದು ದೀಪಾವಳಿ ಕಳೆದ ಮೊದಲ ಸೋಮವಾರ. ಇಬ್ಬರೂ ಗುಡಿಗಾರರು, ಮರದಲ್ಲಿ ದೇವರನ್ನೂ ಬಳ್ಳಿಯನ್ನೂ ಕೆತ್ತುವವರು. ಸಂಬಂಧಿಕರಲ್ಲ. ಆದರೆ ನಲವತ್ತು ವರ್ಷದಿಂದ ಒಂದೇ ಕೆಲಸದ ಮನೆಯಲ್ಲಿ ಎದುರುಬದುರು ಕೂತವರು. ಮಂಜಪ್ಪ ತೆಳ್ಳಗೆ, ಮಾತು ಕಡಿಮೆ. ಗಣಪಣ್ಣನದು ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ಒಂದೇ ವರ್ಷದಲ್ಲಿ ಇಬ್ಬರಿಗೂ ಒಂದೇ ಕಾಯಿಲೆ, ಇಬ್ಬರಿಗೂ ಸೊಂಟದ ಮೂಳೆಗೆ ಇಳಿದಿತ್ತು.

"ಜೋಡಿ ಕೆಲಸದವ್ರು ನೋಡಿ ಡಾಕ್ಟ್ರಮ್ಮ, ಕಾಯಿಲೆಯೂ ಜೋಡಿ ಮಾಡ್ಕೊಂಡೇ ಬಂದ್ವಿ" ಅಂದರು ಗಣಪಣ್ಣ.

ಮಂಜಪ್ಪನನ್ನು ಸೇರಿಸಿಕೊಂಡೆ. ಗಣಪಣ್ಣನ ಹಳೆಯ ಚೀಟಿ ನೋಡುವಾಗ, ಎಂಟು ವರ್ಷದ ಹಿಂದೆ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆಯಾಗಿ ಒಂದು ಕಿಡ್ನಿ ತೆಗೆಸಿದ್ದು ಕಂಡಿತು. ಹಿಂದೆ ಬೇರೆ ಕ್ಯಾನ್ಸರ್ ಆದವರನ್ನು ಸೇರಿಸುವಂತಿಲ್ಲ, ಅದು ಪ್ರಯೋಗದ ನಿಯಮ.

"ನಿಮಗೆ ಆಗೋದಿಲ್ಲ. ಕಿಡ್ನಿದು ಬಂದು ಹೋಗಿದೆಯಲ್ಲ" ಅಂದೆ.

"ಹೋಯ್ತಲ್ಲ ಮಾರಾಯ್ರೆ, ಕಿಡ್ನಿ ಸಮೇತ ಕೊಟ್ಟು ಕಳ್ಸಿದೀನಿ. ಇನ್ನೆಂತ ಬಾಕಿ?"

ನಾನು ನಕ್ಕು, ಅವರ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ. ತಿಂಗಳಿಗೊಮ್ಮೆ ಮಾಮೂಲಿ ಇಂಜೆಕ್ಷನ್ ತೆಗೆದುಕೊಳ್ಳಿ ಅಂತ ಬೇರೆ ಕಡೆಗೆ ಬರೆದುಕೊಟ್ಟೆ. ಆ ಇಂಜೆಕ್ಷನ್ನಿಗೆ ಅವರ ಕಾಯಿಲೆ ಬಗ್ಗುವುದು ನಿಂತು ಆರು ತಿಂಗಳಾಗಿದ್ದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಾಗಿಲು ದಾಟುವಾಗ ಅವರು ಚೌಕಟ್ಟು ಹಿಡಿದು ನಿಂತು ಉಸಿರು ತೆಗೆದುಕೊಂಡರು. ಮಂಜಪ್ಪ ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಅವರ ಹಿಂದೆ ಹೋದರು.

ಆ ಚಳಿಗಾಲ ಕೆಟ್ಟದಾಗಿತ್ತು. ಒಂಬತ್ತು ಗಂಟೆಯಾದರೂ ಹೊಸನಗರದ ರಸ್ತೆ ಮಂಜಿನಿಂದ ಹೊರಗೆ ಬರುತ್ತಿರಲಿಲ್ಲ. ಚಳಿಗೆ ಮುದುಕರ ನರ ಒಳಗೆ ಸೇರಿಕೊಂಡು, ಒಂದು ಸೀಸೆ ರಕ್ತಕ್ಕೆ ನಾಲ್ಕು ಸಲ ಚುಚ್ಚಬೇಕಾಗುತ್ತಿತ್ತು. ತೀರ್ಥಹಳ್ಳಿಯ ಒಬ್ಬರು ಸಂಕ್ರಾಂತಿಗೆ ಮುಂಚೆ ಹೋದರು. ಆನಂದಪುರದ ಕಡೆಯವರೊಬ್ಬರು ವಾಂತಿಯಾಗುತ್ತದೆ ಅಂತ ಮಾತ್ರೆಯನ್ನು ಬಾವಿಗೆ ಎಸೆದು ಖಾಲಿ ಡಬ್ಬಿ ತಂದರು. ಅವರನ್ನು ಬೈದು ಕೈಬಿಟ್ಟೆ. ಮಂಜಪ್ಪನ ಎಣಿಕೆ ಮಾತ್ರ ಒಂದು ತಿಂಗಳೂ ತಪ್ಪಲಿಲ್ಲ. ನೋವು ಇಳಿದಿತ್ತು, ಮುಖ ತುಂಬಿತ್ತು. ಉಳಿದವರೆದುರು ಅವರ ಡಬ್ಬಿಯನ್ನು ಎತ್ತಿ ಹಿಡಿದು, "ನೋಡಿ ಕಲೀರಿ" ಅನ್ನುತ್ತಿದ್ದೆ. ಆಗ ಅವರು ತಲೆ ತಗ್ಗಿಸುವರು. ಸಂಕೋಚ ಅಂದುಕೊಂಡಿದ್ದೆ.

ಶಿವರಾತ್ರಿ ಕಳೆದು ಬಿಸಿಲೇರಿತು. ಲಿಂಗನಮಕ್ಕಿಯ ಹಿನ್ನೀರು ಇಳಿದು, ಮುಳುಗಿದ್ದ ಮರಗಳ ಬುಡ ಒಂದೊಂದಾಗಿ ಮೇಲೆ ಬಂದವು. ಸರಸಕ್ಕನ ಅಜ್ಜನ ಊರು ಆ ನೀರಿನ ಕೆಳಗಿತ್ತು. ಜೀಪು ಅಲ್ಲಿ ಹಾಯುವಾಗೆಲ್ಲ, "ಅದೋ, ಆ ಕರೀ ಬುಡ, ನಮ್ಮಜ್ಜನ ಮನೆ ಹಲಸು" ಅಂತ ತೋರಿಸುವಳು. ಅಂಥದೊಂದು ಬುಧವಾರ ಹೊಸನಗರದಿಂದ ವಾಪಸು ಬಂದಾಗ ಬೆಂಗಳೂರಿನಿಂದ ಒಂದು ವರದಿ ಬಂದಿತ್ತು. ಮಂಜಪ್ಪನ ರಕ್ತದಲ್ಲಿ ಔಷಧದ ಅಂಶ ಇರಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿತ್ತು. ಹೀಗೇ ಹೋದರೆ ಲಿವರಿಗೆ ಪೆಟ್ಟು. ಆಸೆಗೆ ಬಿದ್ದು ಮುದುಕ ಎರಡೆರಡು ನುಂಗುತ್ತಿದ್ದಾನೆ ಅಂದುಕೊಂಡೆ. ಆದರೆ ಎಣಿಕೆ ಸರಿ ಇತ್ತಲ್ಲ? ನನ್ನ ಎಣಿಕೆಗೇ ಮೋಸವೇ ಅನ್ನುವ ಸಿಟ್ಟು ಹತ್ತಿತು. ಮರುದಿನ ಬೆಳಿಗ್ಗೆ ಎಂಟೂವರೆಗೆ, ಹೇಳದೆ ಕೇಳದೆ, ಸರಸಕ್ಕನನ್ನು ಕರೆದುಕೊಂಡು ಅವರ ಕೆಲಸದ ಮನೆಗೆ ಹೋದೆ.

ಹಂಚಿನ ಮಾಡಿನ ಕೆಳಗೆ ದೊಡ್ಡ ಜೋಡಿ ಬಾಗಿಲು ಮಲಗಿತ್ತು, ಕೆಳದಿ ಕಡೆಯ ಒಂದು ಗುಡಿಗೆ ಅಂತ ಒಪ್ಪಿಕೊಂಡದ್ದು. ಎಡಗಡೆಯ ಹಲಗೆ ಮಂಜಪ್ಪನದು, ಬಲಗಡೆಯದು ಗಣಪಣ್ಣನದು. ಎರಡರಲ್ಲೂ ಬಳ್ಳಿ ಅರ್ಧಕ್ಕೆ ಏರಿತ್ತು, ಒಂದೇ ಎತ್ತರಕ್ಕೆ. ಪಕ್ಕದ ಮೂಲೆಯಲ್ಲಿ ಮಂಜಪ್ಪನ ಹೆಂಡತಿ ರುಕ್ಮಿಣಮ್ಮ ಹಾರಕ್ಕೆ ಗಂಧದ ಚಕ್ಕೆ ಪೋಣಿಸುತ್ತಿದ್ದರು. ಇಡೀ ಮನೆ ಆ ವಾಸನೆ. ಇಬ್ಬರೂ ಆಗಷ್ಟೇ ತಿಂಡಿ ಮುಗಿಸಿದ್ದರು. ಬಾಳೆಲೆಯಲ್ಲಿ ಅಕ್ಕಿ ರೊಟ್ಟಿಯ ಚೂರು, ಕರಗಿದ ಬೆಣ್ಣೆ. ಮಣೆಯ ಮೇಲೆ ನನ್ನ ಡಬ್ಬಿ. ಮಂಜಪ್ಪ ಒಂದು ಮಾತ್ರೆ ತೆಗೆದು ಮಣೆಯ ಮೇಲಿಟ್ಟು, ನಡುವೆ ಸಣ್ಣ ಉಳಿಯ ಬಾಯಿ ಇಟ್ಟು, ಕೊಡತಿಯಿಂದ ಒಂದೇ ಒಂದು ಏಟು ಹಾಕಿದರು. ಪುಡಿ ಕೂಡ ಉದುರಲಿಲ್ಲ. ಒಂದು ಚೂರು ತನ್ನ ಬಾಯಿಗೆ, ಇನ್ನೊಂದು ಗಣಪಣ್ಣನ ಅಂಗೈಗೆ.

ಆ ಅಂಗೈ ಹಾಗೇ ನಿಂತಿತು. ನನ್ನನ್ನು ನೋಡಿದ್ದರು.

"ಬಂದ್ರಾ ಡಾಕ್ಟ್ರಮ್ಮ... ರುಕ್ಮಿಣಿ, ಒಂದ್ ಲೋಟ ಕಾಪಿ ಮಾಡು" ಅಂದರು ಗಣಪಣ್ಣ, ಕೈ ಚಾಚಿಕೊಂಡೇ.

"ಎಷ್ಟು ದಿನದಿಂದ ನಡೀತಿದೆ ಇದು?" ನಾನು ಕೂಗಿದ್ದು ಬೀದಿಗೂ ಕೇಳಿಸಿರಬೇಕು.

ಮಂಜಪ್ಪ ಎದ್ದು ನಿಂತರು. "ಮೊದಲ್ನೇ ದಿನದಿಂದ."

"ಖಾಲಿ ಹೊಟ್ಟೆಗೆ ಅಂತ ಹೇಳಿರಲಿಲ್ವಾ?"

"ಗಣಪಣ್ಣ ಬರೂದು ಎಂಟಕ್ಕೆ. ಅಲ್ಲೀವರೆಗೆ ಕಾಯ್ತೀನಿ. ಖಾಲಿ ಹೊಟ್ಟೇಲಿ ಅಷ್ಟು ದೊಡ್ಡ ಮಾತ್ರೆ ಉರೀತದೆ ಅಂತ ಇವಳು ತಿಂಡಿ ಕೊಡ್ತಾಳೆ."

"ಅವರಿಗೆ ಯಾಕೆ ಕೊಟ್ರಿ?"

ಮಂಜಪ್ಪನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲವೋ ಏನೋ. ಮಲಗಿದ್ದ ಬಾಗಿಲನ್ನು ತೋರಿಸಿದರು. "ಜೋಡಿ ಕೆಲಸ ಡಾಕ್ಟ್ರಮ್ಮ. ಒಬ್ಬ ಎದ್ರೆ ಇನ್ನೊಬ್ಬ ಉಳಿ ಕೆಳಗಿಡ್ಬೇಕು. ಒಬ್ಬನ ಕೈ ಮುಂದೆ ಹೋದ್ರೆ ಬಾಗ್ಲು ಕೂಡೂದಿಲ್ಲ. ನಮ್ಮಪ್ಪನ ಕಾಲದಿಂದ ಹಾಗೇ. ಅವ ಕೂತ್ಕೊಳ್ದೇ ನಾನೊಬ್ಬ ಇದ್ದು ಎಂತ ಮಾಡೂದು?"

ನಾಲ್ಕು ತಿಂಗಳ ಹಿಂದೆ ಚೌಕಟ್ಟು ಹಿಡಿದು ಉಸಿರು ತೆಗೆದುಕೊಂಡಿದ್ದ ಗಣಪಣ್ಣ ನನ್ನೆದುರು ನೆಟ್ಟಗೆ ನಿಂತಿದ್ದರು. ನನಗೆ ಕೂರಲು ಅಂತ ಶಿವಣೆ ಮರದ ದಪ್ಪ ದಿಮ್ಮಿಯೊಂದನ್ನು ಒಂದೇ ಕೈಯಲ್ಲಿ ಎಳೆದು ತಂದರು. ಡಾಕ್ಟರಾದವಳು ಅದನ್ನಲ್ಲವೇ ನೋಡಬೇಕಾದದ್ದು? ನನ್ನ ಕಣ್ಣಿಗೆ ಕಂಡದ್ದು ನಿಯಮ ಮುರಿದ ಇಬ್ಬರು ಮುದುಕರು ಮಾತ್ರ. ನಾನು ಮುಂದೆ ಹೋಗಿ, ಗಣಪಣ್ಣನ ಅಂಗೈಯಲ್ಲಿದ್ದ ಅರ್ಧ ಮಾತ್ರೆಯನ್ನು ತೆಗೆದುಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಆ ತುತ್ತನ್ನು ಕೈಯಿಂದ ಎತ್ತಿಕೊಂಡವಳು ನಾನು. ಅವರು ಬೆರಳು ಮಡಚಲಿಲ್ಲ, ತಡೆಯಲಿಲ್ಲ. ಮಗುವಿನ ಕೈಯಿಂದ ಮಣ್ಣು ತೆಗೆದಷ್ಟು ಸುಲಭವಾಯಿತು.

ಡಬ್ಬಿಯಲ್ಲಿ ಉಳಿದದ್ದನ್ನು ಮಣೆಯ ಮೇಲೆ ಸುರಿದು ಅವರೆದುರೇ ಎಣಿಸಿದೆ. ಹನ್ನೊಂದು.

"ಅದೊಂದು ಹನ್ನೊಂದು ಬಿಟ್ಟು ಹೋಗಿ" ಅಂದರು ಮಂಜಪ್ಪ. "ಬಾಗ್ಲು ಮುಗೀಲಿ. ಬೇಕಾದ್ರೆ ನನ್ ಹೆಸ್ರು ಹೊಡ್ದು ಹಾಕಿ, ಅವನಿಗೆ ಕೊಡಿ."

"ಇದು ಪ್ರಸಾದ ಅಲ್ಲ, ಹಂಚೋಕೆ" ಅಂದೆ.

ಈ ಮಾತನ್ನು ನಾನೇ ಆಡಿದ್ದು. ಯಾರೋ ಆಡಿದರು ಅಂತ ಬರೆದು ತಪ್ಪಿಸಿಕೊಳ್ಳಬಹುದಿತ್ತು. ಹೊರಡುವ ಮುಂಚೆ, ಯಾಕೆ ಅಂತ ನನಗೇ ತಿಳಿಯದೆ, ಗಣಪಣ್ಣನ ರಕ್ತ ತೆಗೆಯಬಹುದಾ ಅಂತ ಕೇಳಿದೆ. "ತಗೊಳ್ಳಿ, ಅದಕ್ಕೇನು ಬರ" ಅಂತ ತೋಳು ಚಾಚಿದರು. ಅರ್ಧ ಮಾತ್ರೆ ಕಿತ್ತುಕೊಂಡವಳಿಗೆ ಒಂದು ಸೀಸೆ ರಕ್ತ ಕೊಟ್ಟು ಕಳಿಸಿದರು.

ಜೀಪಿನಲ್ಲಿ ಸರಸಕ್ಕ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ, "ಬರೀಬೇಡಿ ಮೇಡಂ. ಹಾವೂ ಸಾಯ್ಬಾರ್ದು ಕೋಲೂ ಮುರೀಬಾರ್ದು. ತಿಂಡಿ ಮುಂಚೆ ತಗೋಳಿ ಅಂತ ಹೇಳಿ ಡಬ್ಬಿ ವಾಪಸ್ ಕೊಟ್ ಬರೋಣ" ಅಂದಳು.

"ನಿಯಮ ಅಂದ್ರೆ ನಿಯಮ ಸರಸಕ್ಕ. ಅವರ ಲಿವರ್ ಹಾಳಾದ್ರೆ ಯಾರು ಜವಾಬ್ದಾರಿ?"

"ನಿಯಮ ಮಾಡಿದವ್ರು ಯಾವತ್ತೂ ಮುಳುಗೂದಿಲ್ಲ ಬಿಡಿ" ಅಂದಳು. ಅವಳು ಯಾವ ನೀರಿನ ಮಾತಾಡುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಲಿವರಿನ ಮಾತು ಸುಳ್ಳಲ್ಲ, ಆದರೆ ಮಂಜಪ್ಪನ ಲಿವರಿನ ಪರೀಕ್ಷೆ ಪ್ರತಿ ತಿಂಗಳೂ ಸರಿಯಾಗಿಯೇ ಬಂದಿತ್ತು. ನನ್ನನ್ನು ಸುಡುತ್ತಿದ್ದದ್ದು ಬೇರೆ. ಅವರನ್ನು ಎಲ್ಲರೆದುರು ಎತ್ತಿ ತೋರಿಸಿದ್ದೆನಲ್ಲ, ಆ ಅವಮಾನ.

ಅವತ್ತೇ ಫಾರ್ಮು ತುಂಬಿದೆ. ವಾಪಸು ಬಂದ ಮಾತ್ರೆ ಎಷ್ಟು ಅನ್ನುವ ಕಡೆ 'ಹನ್ನೊಂದೂವರೆ' ಅಂತ ಬರೆದೆ. ಲಕೋಟೆಗೆ ಅರಗು ಹಾಕಿ ಕಳಿಸಿದೆ. ವಾಪಸು ಹೋದ ಮಾತ್ರೆಯನ್ನು ಮತ್ತೆ ಯಾರಿಗೂ ಕೊಡುವಂತಿಲ್ಲ, ಸುಟ್ಟು ಹಾಕುತ್ತಾರೆ. ಮಂಜಪ್ಪನನ್ನು ಪ್ರಯೋಗದಿಂದ ತೆಗೆದರು. ಇಬ್ಬರಿಗೂ ವಿಶೇಷ ಅನುಮತಿಯಲ್ಲಿ ಔಷಧ ಕೊಡಿಸಬಹುದೇ ಅಂತ ಬೆಂಗಳೂರಿಗೆ ಒಂದು ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ.

ವಾರದ ಮೇಲೆ ಗಣಪಣ್ಣನ ರಕ್ತದ ವರದಿ ಬಂತು. ದೀಪಾವಳಿಯಲ್ಲಿ ಕಾಯಿಲೆಯ ಅಂಕಿ ನೂರು ದಾಟಿತ್ತು. ಈಗ ಅದು ಒಂದಂಕಿಗೆ ಇಳಿದಿತ್ತು. ಅರ್ಧ ಮಾತ್ರೆ, ಬೆಣ್ಣೆ ರೊಟ್ಟಿಯ ಮೇಲೆ. ಹೊಟ್ಟೆಯಲ್ಲಿ ಅನ್ನ ಇದ್ದಾಗ ಆ ಔಷಧ ಮೈಗೆ ಹಲವು ಪಾಲು ಹೆಚ್ಚು ಹತ್ತುತ್ತದೆ, ಆದ್ದರಿಂದ ಅರ್ಧವೇ ಇಬ್ಬರಿಗೂ ಪೂರ್ತಿಯ ಕೆಲಸ ಮಾಡಿತ್ತು. ಆ ಕಾಗದ ಕೈಯಲ್ಲಿ ಹಿಡಿದಾಗ ನನಗೆ ಅದು ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆಯಿತು. ಇವರು ನನ್ನ ರೋಗಿಯಲ್ಲ, ಇದು ಯಾವ ಲೆಕ್ಕಕ್ಕೂ ಬರುವುದಿಲ್ಲ ಅಂತ ಮೇಜಿನ ಡ್ರಾಯರಿಗೆ ಹಾಕಿದೆ.

ಗಣಪಣ್ಣ ಮಳೆ ಹಿಡಿಯುವ ಮುಂಚೆ ಮತ್ತೆ ಮಲಗಿದರು. ಮೂಳೆಯ ನೋವಿಗೆ ಅಷ್ಟು ದೊಡ್ಡ ಬಾಯಿ ಕೂಗಿದ್ದು ಬೀದಿಯ ತುದಿಗೆ ಕೇಳುತ್ತಿತ್ತಂತೆ. ಕೊನೆ ಕೊನೆಗೆ ನೀರು ಕೊಡಲು ಹೋದರೂ ಬಾಯಿ ತೆರೆಯದೆ ಅಂಗೈ ಚಾಚುತ್ತಿದ್ದರಂತೆ. ಸರಸಕ್ಕ ನೋಡಿಕೊಂಡು ಬಂದು ಹೇಳಿದಳು, ನಾನು ಹೋಗಲಿಲ್ಲ. ಆರಿದ್ರಾ ಮಳೆಯಲ್ಲಿ ಅವರು ಹೋದರು. ಮಂಜಪ್ಪ ಬಾಗಿಲಿನ ಮೇಲೆ ಮತ್ತೆ ಉಳಿ ಇಡಲಿಲ್ಲ. ಗುಡಿಯವರು ಬಂದು ಬೈದು, ಅರ್ಧ ಬಳ್ಳಿಯ ಎರಡು ಹಲಗೆಯನ್ನು ಹಾಗೇ ಹೊತ್ತುಕೊಂಡು ಹೋದರಂತೆ. ನವರಾತ್ರಿಗೆ ಮಂಜಪ್ಪನೂ ಹೋದರು. ಮಾತ್ರೆ ಇದ್ದರೂ ಅವರು ಬಹುಕಾಲ ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಇನ್ನೊಂದು ವರ್ಷ ಉಳಿಯುತ್ತಿದ್ದರು. ಬಾಗಿಲು ಮುಗಿಯುತ್ತಿತ್ತು.

ನನ್ನ ಪ್ರಬಂಧದಲ್ಲಿ ಮಂಜಪ್ಪನಿಗೆ ಸಿಕ್ಕಿದ್ದು ಒಂದೇ ಸಾಲು. ನಿಯಮಭಂಗಕ್ಕಾಗಿ ಒಬ್ಬ ರೋಗಿಯನ್ನು ಕೈಬಿಡಲಾಯಿತು ಅಂತ. ಗಣಪಣ್ಣನಿಗೆ ಅದೂ ಇಲ್ಲ. ಆ ಪ್ರಬಂಧದಿಂದಲೇ ನನಗೆ ದೊಡ್ಡ ಕೆಲಸ ಸಿಕ್ಕಿತು, ಹೆಸರು ಬಂತು, ಈಗ ಈ ಪೇಟವೂ. ಮಾತ್ರೆ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಕಡಿಮೆ ಪ್ರಮಾಣದಲ್ಲಿ, ಊಟ ತಿಂಡಿಯ ಜೊತೆಗೆ ಕೊಟ್ಟರೆ ಸಾಕು ಅನ್ನುವುದನ್ನು ಈಗ ಬಹಳ ಡಾಕ್ಟರುಗಳು ಒಪ್ಪುತ್ತಾರೆ. ನಾನೂ ಹಾಗೇ ಬರೆದುಕೊಡುತ್ತೇನೆ. ಎಷ್ಟೋ ವರ್ಷದಿಂದ ಬರೆಯುತ್ತಿದ್ದೇನೆ.

ಸನ್ಮಾನ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ತಪಾಸಣೆ ಇಟ್ಟಿದ್ದರು. ಹಾರ ತೆಗೆಯಲು ಸಮಯವಾಗಲಿಲ್ಲ, ಹಾಗೇ ಕೂತೆ. ಕೊನೆಗೆ ಬಂದವರು ಅರವತ್ತು ದಾಟಿದ ಒಬ್ಬರು, ಜೊತೆಗೆ ಅವರ ಅಕ್ಕ. ಪ್ರಾಸ್ಟೇಟ್, ಮೂಳೆಗೆ ಇಳಿದಿದೆ. ವರದಿಗಳನ್ನೆಲ್ಲ ನೋಡಿ ಚೀಟಿ ಬರೆದು, ಎಲ್ಲರಿಗೂ ಹೇಳುವ ಹಾಗೆ ಹೇಳಿದೆ. "ಇಡೀ ಮಾತ್ರೆ ಬೇಡ, ಅರ್ಧ ಸಾಕು. ಬೆಳಿಗ್ಗೆ ತಿಂಡಿ ಆದ ಮೇಲೆ."

ಮುದುಕಿ ಚೀಟಿ ತೆಗೆದುಕೊಳ್ಳಲಿಲ್ಲ. ನನ್ನ ಕೊರಳ ಹಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಗಂಟು ತಿರುಗಿಸಿ ನೋಡಿದರು. ತಾವು ಕಟ್ಟಿದ ಗಂಟು ಹೌದೋ ಅಲ್ಲವೋ ಅಂತ ನೋಡುವ ಹಾಗಿತ್ತು. ಆಗ ಗುರುತು ಸಿಕ್ಕಿತು, ರುಕ್ಮಿಣಮ್ಮ.

"ತಿಂಡಿ ಮೇಲೆ ಅರ್ಧ" ಅಂದರು. "ನಮ್ಮನೆಯವ್ರು ಹಾಗೇ ಅಲ್ವಾ ತಗೊಳ್ತಿದ್ದದ್ದು, ಡಾಕ್ಟ್ರಮ್ಮ?"

ನನಗೆ ಅತ್ತುಬಿಡಬೇಕು ಅನ್ನಿಸಿತು. ಅಳುವುದಕ್ಕೂ ಒಂದು ಹಕ್ಕು ಬೇಕಲ್ಲ. "ಹೌದು" ಅಂದೆ.

"ಅದು ಸರಿ ಇತ್ತಾ?"

"ಸರಿ ಇತ್ತು ರುಕ್ಮಿಣಮ್ಮ."

ಅವರು ಹಾರ ಬಿಟ್ಟು, ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ತಮ್ಮನ ರಟ್ಟೆ ಹಿಡಿದು ಎಬ್ಬಿಸಿದರು. ಮಾತ್ರೆ ಅರ್ಧ ಮಾಡಿಕೊಡುವುದು ಅಂಗಡಿಯವರಿಗೆ ಬರುತ್ತದೆ, ಕೇಳಿ ಅಂತ ಏನೋ ತೊದಲಿದೆ.

"ಬೇಡ. ಮನೇಲಿ ಉಳಿ ಇದೆ" ಅಂದರು ಅವರು, ಬಾಗಿಲಲ್ಲಿ ನಿಂತು. "ಈ ಸಲ ಎಣಿಸೂಕೆ ಮಾತ್ರ ಬರಬೇಡಿ."